ಪುಷ್ಯ ಮಳೆಯಲ್ಲಿ ಗೀಸರ್ ಕೆಟ್ಟರೆ

ಗ್ರಾಹಕರು ಮನೆಯಲ್ಲಿ ಇರಲಿಲ್ಲವಂತೆ. ದೂರು ಮುಕ್ತಾಯವಂತೆ. ಗೀಸರ್ ಕಂಪನಿಯಿಂದ ಮೆಸೇಜ್ ಬಂತು.

ಅಲ್ಲ ಮಾರಾಯ್ರೇ, ಮಲೆನಾಡಿನ ಮೇಗರವಳ್ಳಿ ಕಡೆ ಪುಷ್ಯ ಮಳೆ ಹೊಡೆಯುತ್ತಿರುವಾಗ ಮನೆ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ತೋಟಕ್ಕೆ ಇಳಿಯುವುದಕ್ಕೇ ಆಗುತ್ತಿಲ್ಲ. ನಾಲ್ಕು ದಿನವೂ ಮನೆಯಲ್ಲಿ ಐದು ಜನ ಇದ್ದೆವು, ಐದೂ ಜನ ಆ ಕಂಪನಿಯ ಮೆಕ್ಯಾನಿಕ್‌ನ ದಾರಿ ಕಾಯುತ್ತಾ ಕೂತಿದ್ದೆವು.

ಸೋಮವಾರ ಬೆಳಿಗ್ಗೆ ಮಗಳಿಗೆ ಸ್ನಾನ ಮಾಡಿಸಲು ನಲ್ಲಿ ತಿರುಗಿಸಿದರೆ ಮಂಜಿನಂಥ ನೀರು. ಹಿಂದಿನ ರಾತ್ರಿ ಕೈ ಸುಡುವಷ್ಟು ಬಿಸಿ ಬಂದಿತ್ತು. (ಅದೇ ಸುಳಿವು ಅಂತ ಆಗ ಹೊಳೆಯಲಿಲ್ಲ.) ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಬಿದ್ದಿಲ್ಲ. ಪವರ್ ಪ್ಲಗ್‌ಗೆ ಟೆಸ್ಟರ್ ಇಟ್ಟರೆ ಕರೆಂಟ್ ಇದೆ. ಆದರೆ ಗೀಸರ್‌ನ ಕೆಂಪು ದೀಪ ಉರಿಯುವುದಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಹಿಂದಿಗೆ ಒಂದು ಒತ್ತಿ, ಇಂಗ್ಲಿಷ್‌ಗೆ ಎರಡು ಒತ್ತಿ. ಕನ್ನಡಕ್ಕೆ ಏನು ಒತ್ತಬೇಕು ಅಂತ ಕೊನೆಯವರೆಗೂ ಹೇಳಲೇ ಇಲ್ಲ. ಹೇಗೋ ಶಿವಮೊಗ್ಗದ ಸರ್ವೀಸ್ ಹುಡುಗನ ನಂಬರ್ ಸಿಕ್ಕಿತು. ಅವನು ಅಲ್ಲಿಂದಲೇ, ಮುಚ್ಚಳ ಬಿಚ್ಚದೆ, ಗೀಸರ್ ಮುಖ ನೋಡದೆ ಹೇಳಿದ: "ಕಾಯಿಲ್ ಹೋಗಿದೆ ಸಾರ್. ಬೋರ್ ನೀರಲ್ವಾ, ಉಪ್ಪು ಕಟ್ಟಿರುತ್ತೆ. 2,800 ಆಗುತ್ತೆ."

ನಮ್ಮ ಮನೆಗೆ ಬೋರ್ ಇಲ್ಲ ಕಣಪ್ಪಾ! ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು. ಆ ನೀರಿನಲ್ಲಿ ಎಲ್ಲಿಯ ಉಪ್ಪು? ಉಪ್ಪು ಕಟ್ಟುವುದಿದ್ದರೆ ಮೊದಲು ಒಳಗಿಂದ ಚಟಪಟ ಸದ್ದು ಬರುತ್ತದೆ, ನೀರು ಕಾಯುವುದು ದಿನೇ ದಿನೇ ನಿಧಾನವಾಗುತ್ತದೆ. ನಮ್ಮದರಲ್ಲಿ ಅಂಥದ್ದೇನೂ ಇರಲಿಲ್ಲ. ಹೇಳಿದರೆ ಕೇಳಬೇಕಲ್ಲ. ವೋಲ್ಟೇಜ್ ಕಡಿಮೆ ಇರಬೇಕು ಅಂದ. ಹೌದು, ಇದೆ. ಸಂಜೆ ಹೊತ್ತು 160ಕ್ಕೆ ಇಳಿಯುತ್ತದೆ, ಆಗ 2000 ವ್ಯಾಟ್ ಕಾಯಿಲ್ ಸಾವಿರ ವ್ಯಾಟೂ ಎಳೆಯುವುದಿಲ್ಲ, 35 ನಿಮಿಷಕ್ಕೆ ಕಾಯಬೇಕಾದ 25 ಲೀಟರ್ ನೀರಿಗೆ ಒಂದೂಕಾಲು ಗಂಟೆ ಬೇಕು. ಆದರೆ ಅದು ನಿಧಾನ ಆಗುವ ಕತೆ, ಪೂರ್ತಿ ತಣ್ಣಗಾಗುವ ಕತೆ ಅಲ್ಲ. "ನಾಳೆ ಬರ್ತೀನಿ ಸಾರ್" ಅಂದ. ಆ ನಾಳೆ ಮೂರು ಸಲ ಬಂತು, ಅವನು ಬರಲಿಲ್ಲ. ನಾಲ್ಕನೇ ದಿನ ಈ ಮೆಸೇಜ್.

ಇಷ್ಟೂ ದಿನ ಅಮ್ಮನದ್ದು ಒಂದೇ ಮಾತು. "ಹಂಡೆ ಯಾವತ್ತಾದ್ರೂ ಕೆಟ್ಟಿತ್ತೇನೋ?"

ಏನು ಹೇಳಲಿ? ಬಚ್ಚಲೊಲೆ ಒಡೆಸಿದ್ದು ನಾನೇ. ಹೊಗೆ, ಮಸಿ ಅಂತ ಗೋಡೆಗೆ ಟೈಲ್ಸ್ ಹಾಕಿಸಿದ್ದೂ ನಾನೇ. ಅಜ್ಜನ ಕಾಲದ ತಾಮ್ರದ ಹಂಡೆಯನ್ನು ತೂಕಕ್ಕೆ ಹಾಕಿ ಬಂದ ದುಡ್ಡಿನಲ್ಲೇ ಈ ಗೀಸರ್ ತಂದಿದ್ದು. ಮೂರು ವರ್ಷ ಆಗಿದೆ. ಟ್ಯಾಂಕಿಗೆ ಐದು ವರ್ಷ ವಾರಂಟಿ, ಉಳಿದಿದ್ದಕ್ಕೆಲ್ಲ ಎರಡೇ. ಅಂದರೆ ಕೆಡದಿರುವ ಭಾಗಕ್ಕೆ ಮಾತ್ರ ವಾರಂಟಿ! ಅಡಿಕೆ ಸಿಪ್ಪೆ ಕೊಟ್ಟಿಗೆಯಲ್ಲಿ ರಾಶಿ ಬಿದ್ದಿದೆ, ಉರಿಸಲು ಒಲೆ ಇಲ್ಲ.

ಕೊನೆಗೆ ನೋಡಿದ್ದು ಯಾರು ಗೊತ್ತಾ? ಊರಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗ. ಡೈರಿಗೆ ಹಾಲು ಹಾಕಿ ಕೊಪ್ಪೆ ಹೊದ್ದುಕೊಂಡು ಬಂದ. ಎಂಸಿಬಿ ಇಳಿಸಿ, ಕೆಳಗಿನ ಮುಚ್ಚಳದ ಎರಡು ಸ್ಕ್ರೂ ಬಿಚ್ಚಿ, ಒಳಗಿದ್ದ ಕಡಲೆಕಾಳಿನಷ್ಟು ದೊಡ್ಡ ಬಟನ್ ಒತ್ತಿದ. ಟಕ್ ಅಂತು. ಕರೆಂಟ್ ಕೊಟ್ಟರೆ ಕೆಂಪು ದೀಪ! ಅದು ಕಟೌಟ್ ಅಂತೆ. ನೀರು ಮಿತಿ ಮೀರಿ ಕಾದರೆ ಕರೆಂಟ್ ಕಡಿಯುತ್ತದೆ, ಕೈಯಿಂದ ಒತ್ತುವವರೆಗೆ ಮತ್ತೆ ಕೂಡುವುದಿಲ್ಲ. ನಾನು ಕುಣಿದಾಡುವಷ್ಟರಲ್ಲಿ ಅವನೇ ಹೇಳಿದ. "ಅಣ್ಣಾ, ಇದನ್ನೇ ಒತ್ತೊತ್ತಿ ಓಡಿಸ್ಬೇಡಿ. ಇದು ಕಾವಲಿಗಿರೋದು. ನೀರು ಬೇಕಾದಷ್ಟು ಕಾದಾಗ ಕರೆಂಟ್ ನಿಲ್ಸೋದು ಥರ್ಮೋಸ್ಟಾಟ್, ಅದು ಅಂಟಿಕೊಂಡಿರ್ಬೇಕು, ಅದಕ್ಕೇ ನೀರು ಅಷ್ಟು ಕಾದಿದ್ದು." ಮರುದಿನ ಬೆಳಿಗ್ಗೆ ಮತ್ತೆ ಕಡಿಯಿತು. ತೀರ್ಥಹಳ್ಳಿಯಿಂದ ಥರ್ಮೋಸ್ಟಾಟ್ ತಂದು ಹಾಕಿದೆವು. 350 ರೂಪಾಯಿ. ಕಾಯಿಲ್‌ಗೆ ಏನೂ ಆಗಿಲ್ಲ, ಕಲ್ಲಿನ ಹಾಗೆ ಗಟ್ಟಿ ಇದೆ.

2,800ರ ಕಾಯಿಲ್ ಹಾಕಿಸಿದ್ದರೂ ಎರಡೇ ದಿನಕ್ಕೆ ಮತ್ತೆ ತಣ್ಣೀರೇ ಬರುತ್ತಿತ್ತು. ಅದು ನೆನಪಾದಾಗೆಲ್ಲ ಮೈ ಉರಿಯುತ್ತದೆ. ಬರಲಾಗದಿದ್ದರೆ ಬರಲ್ಲ ಅನ್ನಲಿ. ರಸ್ತೆ ಸರಿಯಿಲ್ಲ, ಮಳೆ, ಅರವತ್ತು ಕಿಲೋಮೀಟರ್‌ಗಿಂತ ದೂರ, ಎಲ್ಲ ಒಪ್ಪುತ್ತೇನೆ. ರಾತ್ರಿ ನೀರು ಜಾಸ್ತಿ ಬಿಸಿ ಬಂದಿತ್ತಾ ಅಂತ ಫೋನಿನಲ್ಲೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅದು ಬಿಟ್ಟು ನಾವು ಮನೆಯಲ್ಲೇ ಇರಲಿಲ್ಲ ಅಂತ ಬರೆದು ಕೈ ತೊಳೆದುಕೊಳ್ಳುವುದಾ?

ಈಗ ಬಿಸಿನೀರು ಬರುತ್ತಿದೆ. ಅಮ್ಮ ಮಾತ್ರ ಬಚ್ಚಲಿನ ನಲ್ಲಿ ಮುಟ್ಟುತ್ತಿಲ್ಲ. ಗ್ಯಾಸ್ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿಕೊಂಡು, ನನ್ನ ಮುಂದೆಯೇ ಎತ್ತಿಕೊಂಡು ಹೋಗುತ್ತಾಳೆ.