ಪಟ್ಟಿಯಲ್ಲಿ ಮೈಲಾರ ಅನ್ನೋ ಹೆಸರೇ ಇರಲಿಲ್ಲ

ಹಾವೇರಿ ರೈಲ್ವೆ ಸ್ಟೇಷನ್ನಿನ ಬೋರ್ಡು ನೀವು ನೋಡಿರ್ತೀರಿ. ಅದಕ್ಕೆ ಮಹದೇವಪ್ಪ ಮೈಲಾರ ಅವರ ಹೆಸರಿಟ್ಟಿದ್ದಾರೆ. "ಯಾರಿವರು?" ಅಂತ ನಮ್ಮ ಏಳನೇ ಕ್ಲಾಸಿನ ಮಕ್ಕಳನ್ನ ಕೇಳಿದೆ. "ಸ್ವಾತಂತ್ರ್ಯ ಹೋರಾಟಗಾರರು" ಅಂತ ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳಿತು. "ಏನು ಮಾಡಿದರು?" ಅಂದೆ. ಎಲ್ಲರೂ ಸುಮ್ಮನಾದರು.

ತಪ್ಪು ಮಕ್ಕಳದ್ದಲ್ಲ. ನಾವು ಪ್ರಾಜೆಕ್ಟ್ ಮಾಡಿಸೋ ರೀತಿಯೇ ಹಾಗಿದೆ. "ಒಬ್ಬ ಮಹಾನ್ ವ್ಯಕ್ತಿಯ ಬಗ್ಗೆ ಮಾಹಿತಿ ಸಂಗ್ರಹಿಸಿ ಬನ್ನಿ" ಅಂತೀವಿ. ಮಗು ಅಂಗಡಿಯಿಂದ ಚಿತ್ರ ತಂದು ಅಂಟಿಸುತ್ತೆ. ಅಪ್ಪ ಮೊಬೈಲಿನಿಂದ ಎರಡು ಪುಟ ಪ್ರಿಂಟ್ ತೆಗೆಸಿ ಕೊಡ್ತಾರೆ. ಸುತ್ತ ಸ್ಕೆಚ್ ಪೆನ್ನಿನ ಬಾರ್ಡರ್. ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ಬಂತು, ಮುಗೀತು. ಜನನ, ಬಾಲ್ಯ, ಸಾಧನೆ, ಮರಣ. ಈ ನಾಲ್ಕು ತಲೆಬರಹದ ಕೆಳಗೆ ಕಿತ್ತೂರು ಚೆನ್ನಮ್ಮನೂ ಒಂದೇ, ಆಲೂರು ವೆಂಕಟರಾಯರೂ ಒಂದೇ.

ಸಮಾಜ ವಿಜ್ಞಾನ ಕಲಿಸ್ತಾ ಕಲಿಸ್ತಾ ನನಗೆ ಗಟ್ಟಿಯಾಗಿದ್ದು ಇಷ್ಟು. ಮಗುವಿಗೆ ಮೊದಲು ಪ್ರಶ್ನೆ ಹುಟ್ಟಬೇಕು. ಮಾಹಿತಿ ಆಮೇಲೆ. ಆ ವ್ಯಕ್ತಿ ಬಸ್ಸಿನಲ್ಲಿ ಒಂದು ತಾಸಿನ ದಾರಿಯೊಳಗೆ ಬಾಳಿದವರಾದರೆ ಇನ್ನೂ ಒಳ್ಳೇದು. ಹೋಗಿ ನೋಡಬಹುದು, ಹಿರಿಯರನ್ನ ಕೇಳಬಹುದು, ಪುಸ್ತಕದ ಮಾತಿಗೆ ತಾಳೆ ಹಾಕಬಹುದು. ಗದಗಿನ ಮಕ್ಕಳಿಗೆ ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ಇದ್ದಾನೆ. ಹುಬ್ಬಳ್ಳಿಯವರಿಗೆ ಗಂಗೂಬಾಯಿ ಹಾನಗಲ್ ಇದ್ದಾರೆ. ನಮಗೆ ಮೈಲಾರ ಮಹದೇವಪ್ಪನವರು ಸಿಕ್ಕರು. ಅವರು ಹುಟ್ಟಿದ್ದು 1911ರಲ್ಲಿ, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಲ್ಲಿ. ಹಾವೇರಿಯಿಂದ ರಾಣೇಬೆನ್ನೂರಿಗೆ ಹೋಗೋ ದಾರಿಯಲ್ಲೇ ಇದೆ ಊರು.

ಮೊದಲ ವಾರ ಯಾರೂ ಏನೂ ಬರೆಯೋ ಹಾಗಿಲ್ಲ ಅಂದೆ. ಮೈಲಾರರು ಗಾಂಧೀಜಿ ಜೊತೆ ದಂಡಿ ಯಾತ್ರೆಯಲ್ಲಿ ನಡೆದವರು. ಆ ಯಾತ್ರೆಯ ಬಗ್ಗೆ ನಾಲ್ಕು ಮಾತು ಹೇಳಿ, ಪ್ರಶ್ನೆ ಮಾತ್ರ ತನ್ನಿ ಅಂದೆ. 1930ರ ಮಾರ್ಚ್ 12ಕ್ಕೆ ಸಾಬರಮತಿ ಬಿಟ್ಟರು, 24 ದಿನ ನಡೆದರು, ಸುಮಾರು 385 ಕಿ.ಮೀ. ಒಬ್ಬ ಹುಡುಗ ಅಲ್ಲೇ ಕೈ ಎತ್ತಿದ. "ಅಕ್ಕೋರ, ಹಂಗಾರ ಬೆಂಗಳೂರಿಗಿಂತ ದೂರ ಆತಲ್ರಿ?" ಹೌದಲ್ಲ! ಹಾವೇರಿಯಿಂದ ಬೆಂಗಳೂರಿಗೆ ಅಷ್ಟು ಆಗೋದಿಲ್ಲ. ಭಾಗಿಸಿ ನೋಡಿದರು, ದಿನಕ್ಕೆ ಸರಾಸರಿ 16 ಕಿ.ಮೀ. ಆಮೇಲೆ ಪ್ರಶ್ನೆಗಳು ಸಾಲುಗಟ್ಟಿದವು. ಚಪ್ಪಲಿ ಇತ್ತಾ? ಎಲ್ಲಿ ಮಲಗ್ತಿದ್ದರು? ನಮ್ಮ ಕಡೆಯವರಿಗೆ ಗುಜರಾತಿ ಹೆಂಗ ಬರ್ತಿತ್ತು?

ಎಷ್ಟು ಜನ ನಡೆದರು ಅನ್ನೋದೂ ದೊಡ್ಡ ಪಾಠವೇ ಆಯಿತು. ಒಂದು ಕಡೆ 78, ಒಂದು ಕಡೆ 79, ಇನ್ನೊಂದು ಕಡೆ 80. "ಯಾವುದು ಖರೇ?" ಅಂತ ನನ್ನನ್ನೇ ಕೇಳಿದರು. ನೀವೇ ಹುಡುಕಿ ಅಂದೆ. ಗಾಂಧೀಜಿಯನ್ನ ಸೇರಿಸಿ ಎಣಿಸಿದರೆ ಒಂದು ಲೆಕ್ಕ, ಬಿಟ್ಟರೆ ಒಂದು ಲೆಕ್ಕ. ದಾರಿಯಲ್ಲಿ ಕೂಡಿಕೊಂಡವರನ್ನ ಹಿಡಿದರೆ ಮತ್ತೊಂದು. ಎರಡು ಪುಸ್ತಕ ಬೇರೆ ಬೇರೆ ಹೇಳಿದರೂ ಎರಡೂ ಸುಳ್ಳಾಗಬೇಕಿಲ್ಲ ಅನ್ನೋದು ಅವತ್ತು ಅವರಿಗೆ ತಾನಾಗೇ ತಿಳೀತು.

ಈಗ ನನಗೆ ತುಂಬಾ ಇಷ್ಟವಾದ ದಿನದ ಮಾತು. ಒಬ್ಬಳು ಹುಡುಗಿ ಯಾತ್ರಿಗಳ ಪಟ್ಟಿ ಹುಡುಕಿ, ಹೆಸರುಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ಮುಖ ಸಣ್ಣದಾಗಿತ್ತು. "ಅಕ್ಕೋರ, ಮೂರು ಸಲ ನೋಡೀನ್ರಿ. ಮೈಲಾರ ಅಂತ ಯಾರೂ ಇಲ್ಲರಿ." ನಾನು ಉತ್ತರ ಹೇಳಲಿಲ್ಲ. ಗೊತ್ತಿದ್ದೂ ಹೇಳದೆ ಇರೋದು ಎಷ್ಟು ಕಷ್ಟ ಅಂತ ಮೇಷ್ಟ್ರಿಗೆಲ್ಲ ಗೊತ್ತು. ಎರಡು ದಿನ ಕ್ಲಾಸಿನಲ್ಲಿ ಅದೇ ಚರ್ಚೆ. ಹೋಗಿಯೇ ಇಲ್ಲ ಅಂತ ಒಬ್ಬ, ಹೆಸರು ಬರೆಯೋದು ಮರೆತಿದ್ದಾರೆ ಅಂತ ಇನ್ನೊಬ್ಬಳು.

ಮೂರನೇ ದಿನ ಬೆಳಿಗ್ಗೆ ನಾನು ಹಾಜರಿ ಕರೀತಿದ್ದೆ. ನಮ್ಮ ಕಡೆ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಆಮೇಲೆ ಅಡ್ಡಹೆಸರು ಇರುತ್ತೆ. ನಡುವೆಯೇ ಆ ಹುಡುಗಿ ಎದ್ದು ನಿಂತಳು. ನೋಟ್‌ಬುಕ್ ಅವಳ ಕೈಯಲ್ಲೇ ಇತ್ತು. ಒಂದು ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. "ಮಹಾದೇವ ಮಾರ್ತಂಡ. ಹದಿನೆಂಟು ವರ್ಷ." ಮಹದೇವಪ್ಪನವರ ತಂದೆ ಮಾರ್ತಂಡಪ್ಪ. ಪಟ್ಟಿ ಬರೆದವರು ಅಡ್ಡಹೆಸರು ಬಿಟ್ಟು ಅಪ್ಪನ ಹೆಸರಿಗೇ ನಿಲ್ಲಿಸಿದ್ದರು. 1911ಕ್ಕೆ ಲೆಕ್ಕ ಹಾಕಿದರು, ವಯಸ್ಸೂ ಕೂಡಿತು. ಆಗ ಕ್ಲಾಸಿನಲ್ಲಿ ಎದ್ದ ಗದ್ದಲ ಕೇಳಿ ಪಕ್ಕದ ಕ್ಲಾಸಿನ ಸರ್ ಓಡಿ ಬಂದರು.

ಇಷ್ಟು ವರ್ಷದಲ್ಲಿ ನಾನು "ಸಂಶೋಧನೆ" ಅನ್ನೋ ಪದವನ್ನ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಅದರ ಅರ್ಥ ಮಕ್ಕಳ ಮುಖದಲ್ಲಿ ಕಂಡಿದ್ದು ಅವತ್ತು.

ಒಬ್ಬ ಹುಡುಗ ತನ್ನ ಅಜ್ಜ ಮೈಲಾರರನ್ನ ಕಣ್ಣಾರೆ ನೋಡಿದ್ದಾರೆ ಅಂತ ಬರೆದಿದ್ದ. ಅಜ್ಜನಿಗೆ 74 ವರ್ಷ. ಮಹದೇವಪ್ಪನವರು ಹುತಾತ್ಮರಾಗಿದ್ದು 1943ರ ಏಪ್ರಿಲ್ 1ರಂದು. ಮಕ್ಕಳು ಕೂಡಿಸಿ ಕಳೆದು ನೋಡಿ ನಗೋಕೆ ಶುರು ಮಾಡಿದರು. ನಾನು ತಡೆದೆ. ಮನೆಗೆ ಹೋಗಿ ಮತ್ತೆ ಕೇಳು ಅಂದೆ. ನೋಡಿದ್ದು ಅಜ್ಜನ ಅಪ್ಪನಂತೆ. ಅಜ್ಜ ಆ ಕಥೆ ಎಷ್ಟು ಸಲ ಕೇಳಿದ್ದರು ಅಂದ್ರೆ, ತಾವೇ ನೋಡಿದ ಹಾಗೆ ಆಗಿತ್ತು. ಹುಡುಗ ತಿದ್ದಿ ಬರೆದ, "ಮುತ್ತಜ್ಜ ನೋಡಿದ್ದು, ಅಜ್ಜ ಹೇಳಿದ್ದು" ಅಂತ. ಆ ಒಂದು ಸಾಲಿಗೆ ನಾನು ಪೂರ್ತಿ ಅಂಕ ಕೊಟ್ಟೆ.

ಹೊಸರಿತ್ತಿಯ ಘಟನೆಗೆ ಬಂದಾಗ ಕ್ಲಾಸು ಎರಡಾಯಿತು. ಕ್ವಿಟ್ ಇಂಡಿಯಾ ಚಳವಳಿಯ ಕಾಲ. ಬ್ರಿಟಿಷ್ ಸರ್ಕಾರದ ಕೆಲಸ ನಡೆಯದ ಹಾಗೆ ಮಾಡಬೇಕು ಅಂತ ಕಂದಾಯದ ಹಣದ ಮೇಲೆ ದಾಳಿ ಮಾಡಿದರು. ಪೊಲೀಸರ ಗುಂಡಿಗೆ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಬಲಿಯಾದರು. "ಗಾಂಧೀಜಿ ಕೂಡ ನಡೆದವರು ದಾಳಿ ಮಾಡಬಹುದೇನ್ರಿ?" ಅಂತ ಒಬ್ಬಳು ಕೇಳಿದಳು. ಇಂಥ ಪ್ರಶ್ನೆಗೆ ನಾವು ದೊಡ್ಡವರು ಹೆದರ್ತೀವಿ, ಬೇಗ ಮುಚ್ಚಿಬಿಡ್ತೀವಿ. ಮುಚ್ಚಬೇಡಿ. ಎರಡೂ ಕಡೆಯವರು ಮಾತಾಡಲಿ. ಗೌರವ ಕಡಿಮೆ ಆಗೋದಿಲ್ಲ. ನಮ್ಮ ಕ್ಲಾಸಿನಲ್ಲಿ ಜಾಸ್ತಿಯೇ ಆಯಿತು.

ಮಂಡನೆಗೆ ನನ್ನ ನಿಯಮ ಎರಡೇ. ಹಾಳೆ ನೋಡಿ ಓದಬಾರದು. ಪ್ರತಿ ಮಾತಿಗೂ "ಇದು ನನಗೆ ಹೀಗೆ ಗೊತ್ತಾಯಿತು" ಅಂತ ಹೇಳಬೇಕು. ತೊದಲಿದರೂ ಪರವಾಗಿಲ್ಲ. ಹಿಂದೊಮ್ಮೆ ಒಂದು ಸ್ಪರ್ಧೆಗೆ ಮಕ್ಕಳನ್ನ ಕರೆದುಕೊಂಡು ಹೋಗಿದ್ದೆ. ಯಾರೋ ದೊಡ್ಡವರು ಮಾಡಿಕೊಟ್ಟ ಥರ್ಮಾಕೋಲಿನ ಕೋಟೆಗೆ ಬಹುಮಾನ ಬಂತು. ನಾಲ್ಕು ಮನೆ ತಿರುಗಿ ಕೇಳಿ ಬಂದಿದ್ದ ನಮ್ಮ ಹುಡುಗಿ ಬರಿಗೈಯಲ್ಲಿ ಬಸ್ ಹತ್ತಿದಳು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಅದು ನನಗೆ ಇವತ್ತಿಗೂ ನೋವಿದೆ. ತೀರ್ಪು ಕೊಡೋರು ದಯವಿಟ್ಟು ಮಗುವಿಗೆ ಒಂದು ಪ್ರಶ್ನೆ ಕೇಳಿ. "ಇದು ನಿನಗೆ ಹೆಂಗ ಗೊತ್ತಾತು?" ಅಷ್ಟು ಸಾಕು.

ಈಗ ಮಕ್ಕಳು ಸಿದ್ಧಮ್ಮನವರ ಹಿಂದೆ ಬಿದ್ದಿದ್ದಾರೆ. ಮಹದೇವಪ್ಪನವರ ಹೆಂಡತಿ. ಅವರೂ ಚಳವಳಿಗೆ ಇಳಿದು ಜೈಲಿಗೆ ಹೋದವರು. ಆದರೆ ನಮ್ಮ ಕೈಗೆ ಸಿಕ್ಕ ಬರಹಗಳಲ್ಲಿ ಅವರ ಪಾಲಿಗೆ ಒಂದೆರಡು ಸಾಲು, ಅಷ್ಟೇ. ಮೋಟೆಬೆನ್ನೂರು, ಕೊರಡೂರು, ಹೊಸರಿತ್ತಿ ಕಡೆಯವರು ಇದನ್ನ ಓದ್ತಿದ್ದರೆ, ನಿಮ್ಮ ಮನೆಯ ಹಿರಿಯರು ಸಿದ್ಧಮ್ಮನವರ ಬಗ್ಗೆ, ತಿರಕಪ್ಪ, ವೀರಯ್ಯ ಅವರ ಬಗ್ಗೆ ಏನಾದರೂ ಹೇಳ್ತಿದ್ದರೆ ತಿಳಿಸಿ. ಶನಿವಾರ ಬೆಳಗಿನ ಶಾಲೆ ಮುಗಿಸಿಕೊಂಡು ಬರ್ತೀವಿ. ಮಕ್ಕಳು ಪ್ರಶ್ನೆ ಬರೆದಿಟ್ಟುಕೊಂಡಿದ್ದಾರೆ.