ಬೀದಿಯನ್ನು ಒಳಗೆ ಕರೆದುಕೊಂಡ ಸ್ಟೇಡಿಯಂ

ಬಾಲ್ಟಿಮೋರ್‌ನ ಕ್ಯಾಮ್ಡೆನ್ ಯಾರ್ಡ್ಸ್ ಬೇಸ್‌ಬಾಲ್ ಸ್ಟೇಡಿಯಂ ಬಗ್ಗೆ ಯಾರೇ ಬರೆದರೂ ಕೆಂಪು ಇಟ್ಟಿಗೆ, ಹಸಿರು ಬಳಿದ ಉಕ್ಕಿನ ತೊಲೆ, ಹಳೇ ಕಾಲದ ಚೆಲುವು ಅಂತಲೇ ಶುರು ಮಾಡುತ್ತಾರೆ. ಆ ಹೊಗಳಿಕೆಯಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತೆ ಅನ್ನೋದು ನನ್ನ ತಕರಾರು. ಆ ಸ್ಟೇಡಿಯಂ ಗೆದ್ದಿದ್ದು ಜಾಗದಲ್ಲಿ ಮೊದಲೇ ಇದ್ದ ಒಂದು ಗೋದಾಮನ್ನೂ ಒಂದು ಬೀದಿಯನ್ನೂ ಉಳಿಸಿಕೊಂಡಿದ್ದಕ್ಕೆ.

1984ರ ಮಾರ್ಚ್‌ನಲ್ಲಿ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಕೋಲ್ಟ್ಸ್ ರಾತ್ರೋರಾತ್ರಿ ಗಂಟುಮೂಟೆಯನ್ನೆಲ್ಲ ಲಾರಿಗೆ ಹೇರಿಕೊಂಡು ಇಂಡಿಯಾನಾಪೊಲಿಸ್‌ಗೆ ಹೊರಟುಹೋಯಿತು. ಬೇಸ್‌ಬಾಲಿನ ಓರಿಯೋಲ್ಸ್ ಕೂಡ ಹಾಗೇ ಕೈಬಿಟ್ಟರೆ ಅನ್ನೋ ಭಯ ಎಲ್ಲರಿಗೂ. 1986ರಲ್ಲಿ ಮೇರಿಲ್ಯಾಂಡ್ ರಾಜ್ಯ ಸ್ಟೇಡಿಯಂ ಪ್ರಾಧಿಕಾರ ರಚಿಸಿತು. ಲಾಟರಿ ದುಡ್ಡಿನ ಬಲದ ಮೇಲೆ, ಪೇಟೆಯ ನಡುವಿದ್ದ ಬಿ ಆಂಡ್ ಓ (ಬಾಲ್ಟಿಮೋರ್ ಆಂಡ್ ಒಹಾಯೋ) ರೈಲ್ವೆಯ ಹಳೇ ಯಾರ್ಡ್‌ನಲ್ಲಿ ಕೆಲಸ ಶುರುವಾಯಿತು. ಬೇಸ್‌ಬಾಲಿನ ದಂತಕಥೆ ಬೇಬ್ ರೂತ್ ಹುಟ್ಟಿದ ಮನೆ ಅಲ್ಲಿಂದ ಎರಡು ಮೂರು ಬೀದಿ ದೂರ. ಅವನ ಅಪ್ಪ ಹೆಂಡದಂಗಡಿ ಇಟ್ಟಿದ್ದ ಜಾಗವಂತೂ ಈಗ ಮೈದಾನದ ಒಳಗೇ ಸೇರಿಹೋಗಿದೆ.

ಯಾರ್ಡಿನ ಪಕ್ಕದ ಗೋದಾಮು 1,116 ಅಡಿ ಉದ್ದ, ಅಗಲ ಬರೀ 51 ಅಡಿ, ಎಂಟು ಅಂತಸ್ತು. ಅದನ್ನು ಕೆಡವಿಬಿಡೋಣ ಅನ್ನೋ ಮಾತೂ ಇತ್ತು. ಕೆಡವಿದ್ದರೆ ಏನಾಗುತ್ತಿತ್ತು ಅಂತ ನೋಡಲು ಶಿಕಾಗೋಗೆ ಹೋದರೆ ಸಾಕು. ಕ್ಯಾಮ್ಡೆನ್ ಯಾರ್ಡ್ಸ್ ತೆರೆದದ್ದು 1992ರಲ್ಲಿ. ಅದನ್ನು ರೂಪಿಸಿದ ಎಚ್‌ಒಕೆ ಅನ್ನೋ ವಾಸ್ತುಶಿಲ್ಪ ಸಂಸ್ಥೆಯೇ ಒಂದು ವರ್ಷ ಮೊದಲು, 1991ರಲ್ಲಿ, ಶಿಕಾಗೋದಲ್ಲಿ ಹೊಸ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಸ್ಟೇಡಿಯಂ ರೂಪಿಸಿತ್ತು. ಸುತ್ತಲೂ ಕಾರು ನಿಲ್ಲಿಸುವ ಬಯಲು. ಕೆಳಗಿನ ಮತ್ತು ಮೇಲಿನ ಗ್ಯಾಲರಿಗಳ ನಡುವೆ ಶ್ರೀಮಂತರ ಬಾಕ್ಸ್‌ಗಳನ್ನು ಸಾಲುಸಾಲಾಗಿ ತುರುಕಿದ್ದರಿಂದ ಮೇಲಿನ ಗ್ಯಾಲರಿ ಎತ್ತರಕ್ಕೆ, ಕಡಿದಾಗಿ, ಆಟದಿಂದ ದೂರ ಹೋಯಿತು. ಕೊನೆಗೆ 2004ರ ಸೀಸನ್ ಹೊತ್ತಿಗೆ ತುದಿಯ ಎಂಟು ಸಾಲು ಕಿತ್ತುಹಾಕಬೇಕಾಯಿತು. ವಿನ್ಯಾಸಕಾರರು ಅವರೇ. ಬಾಲ್ಟಿಮೋರ್‌ನಲ್ಲಿ ಬೇರೆಯಾಗಿದ್ದು ಜಾಗ, ಜೊತೆಗೆ ತಂಡದ ಕಡೆಯಿಂದ ಜಾನೆಟ್ ಮೇರಿ ಸ್ಮಿತ್ ಅವರಂಥ ವಾಸ್ತುಶಿಲ್ಪಿ ಹಿಡಿದ ಹಟ.

ಗೋದಾಮಿಗೂ ಮೈದಾನಕ್ಕೂ ನಡುವೆ ಯೂಟಾ ಸ್ಟ್ರೀಟ್ ಹಾದುಹೋಗುತ್ತೆ. ಇವೆರಡನ್ನೂ ಉಳಿಸಿಕೊಂಡಿದ್ದರಿಂದ, ಬ್ಯಾಟ್ಸ್‌ಮನ್ ಕಡೆಯಿಂದ ಮೈದಾನ ನೋಡಿದರೆ ಬಲಬದಿಯಲ್ಲಿ, ಜಾಗ ಸಾಲದೆ ಹೋಯಿತು. ಬ್ಯಾಟ್ಸ್‌ಮನ್‌ನಿಂದ ಬಲತುದಿಯ ಗಡಿಗೆ 318 ಅಡಿ ಮಾತ್ರ, ಅಂದರೆ ಸುಮಾರು 97 ಮೀಟರ್. ಚೆಂಡು ಸಲೀಸಾಗಿ ಆಚೆ ಹೋಗದಿರಲಿ ಅಂತ ಅಲ್ಲಿ 25 ಅಡಿ ಗೋಡೆ ಎಬ್ಬಿಸಿದರು, ಆಮೇಲೆ ತುಸು ತಗ್ಗಿಸಿದರು. ಮೈದಾನದ ಓರೆಕೋರೆ ಆಕಾರಕ್ಕೆ ಕಾರಣ ಅಕ್ಕಪಕ್ಕದ ಊರು. ಇನ್ನೊಂದು ಜಾಣ್ಮೆ ಕಣ್ಣಿಗೆ ಬೀಳೋದೇ ಇಲ್ಲ: ಆಟದ ನೆಲವನ್ನು ಬೀದಿಯ ಮಟ್ಟಕ್ಕಿಂತ 16 ಅಡಿ ಕೆಳಗೆ ತೋಡಿದ್ದಾರೆ. 45,000 ಜನ ಹಿಡಿಸುವ ಕಟ್ಟಡ ಹೊರಗಿನಿಂದ ಬೆಟ್ಟದ ಹಾಗೆ ಮೈಮೇಲೆ ಬರಲ್ಲ. ಬೀದಿಯಿಂದ ಒಳಬಂದವರು ಮೆಟ್ಟಿಲಿಳಿದು ತಮ್ಮ ಸೀಟಿಗೆ ಹೋಗುತ್ತಾರೆ.

ಯೂಟಾ ಸ್ಟ್ರೀಟ್‌ನಲ್ಲಿ ನೆಲ ನೋಡಿಕೊಂಡು ನಡೀರಿ. ಚೆಂಡಿನ ಆಕಾರದ ಲೋಹದ ಬಿಲ್ಲೆಗಳನ್ನು ನೆಲಕ್ಕೆ ಕೂರಿಸಿದ್ದಾರೆ. ಹೋಮ್ ರನ್, ಅಂದರೆ ಕ್ರಿಕೆಟ್ಟಿನ ಸಿಕ್ಸರ್ ಥರ ಗಡಿಯಾಚೆಗೆ ಹೊಡೆದ ಚೆಂಡು ಬಂದು ಬಿದ್ದ ಜಾಗ ಅದು. ಹೊಡೆದವರ ಹೆಸರು, ತಾರೀಖು ಕೆತ್ತಿದೆ. ಮೊದಲನೆಯದು 1992ರ ಏಪ್ರಿಲ್ 20ರಂದು ಡೆಟ್ರಾಯಿಟ್ ತಂಡದ ಮಿಕಿ ಟೆಟಲ್ಟನ್ ಹೊಡೆದದ್ದು. ಗೋದಾಮಿನ ಗೋಡೆ ಬ್ಯಾಟ್ಸ್‌ಮನ್‌ಗೆ 439 ಅಡಿ ದೂರ. ಪಂದ್ಯದಲ್ಲಿ ಯಾರೂ ಚೆಂಡನ್ನು ನೇರವಾಗಿ ಅದಕ್ಕೆ ಮುಟ್ಟಿಸಿಲ್ಲ. 1993ರ ಹೋಮ್ ರನ್ ಸ್ಪರ್ಧೆಯಲ್ಲಿ ಕೆನ್ ಗ್ರಿಫಿ ಜೂನಿಯರ್ ಮುಟ್ಟಿಸಿದ ಗುರುತಿಗೆ ಗೋಡೆಯ ಮೇಲೊಂದು ಬಿಲ್ಲೆ ಇದೆ.

ತಪ್ಪುಗಳೂ ಆಗಿವೆ. ಎಡಬದಿಯ ಗೋಡೆ ಬರೀ 7 ಅಡಿ ಇತ್ತು, ಹತ್ತಿರವೂ ಇತ್ತು. ಬೇಸಿಗೆಯ ಬಿಸಿಗಾಳಿಗೆ ಚೆಂಡು ತೇಲಿಕೊಂಡು ದಾಟಿಬಿಡೋದು. 2022ರಲ್ಲಿ ಗೋಡೆಯನ್ನು ಹಿಂದಕ್ಕೆ ಸರಿಸಿ 13 ಅಡಿಗೆ ಏರಿಸಿದರು. ಅದು ವಿಪರೀತವಾಗಿ, ಹೆಚ್ಚಾಗಿ ಎಡಬದಿಗೇ ಹೊಡೆಯುವ ಬಲಗೈ ಬ್ಯಾಟ್ಸ್‌ಮನ್‌ಗಳ ಕೈ ಕಟ್ಟಿಹಾಕಿದ ಹಾಗಾಯಿತು. 2025ಕ್ಕೆ ಮತ್ತೆ ಒಳಗೆ ತಂದು ತಗ್ಗಿಸಿದರು. ಗೋಡೆಯನ್ನಾದರೂ ಸರಿಸಬಹುದು. 2008ರಲ್ಲಿ ಎಡಗಡೆ ಎದ್ದ ದೊಡ್ಡ ಹೋಟೆಲ್ ಊರಿನ ನೋಟವನ್ನೇ ಮರೆಮಾಡಿತು, ಬ್ರೋಮೋ ಸೆಲ್ಟ್ಜರ್ ಗಡಿಯಾರ ಗೋಪುರವೂ ಅದರ ಹಿಂದೆ ಹೋಯಿತು. ಊರಿಗೆ ಮುಖಮಾಡಿ ಕಟ್ಟಿದ ಸ್ಟೇಡಿಯಂಗೆ ಊರೇ ಅಡ್ಡಗೋಡೆ ಹಾಕಿದ್ದು ನನಗೆ ಇವತ್ತಿಗೂ ಅರಗಿಲ್ಲ.

ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡಿಗರಿಗೆ ಒಂದಿಷ್ಟು ವಿವರ. ಯೂನಿಯನ್ ಸ್ಟೇಷನ್‌ನಿಂದ ಮಾರ್ಕ್ ರೈಲಿನ ಕ್ಯಾಮ್ಡೆನ್ ಲೈನ್ ಸ್ಟೇಡಿಯಂ ಬಾಗಿಲಿಗೇ ಬಿಡುತ್ತೆ, ಆದರೆ ಶನಿವಾರ ಭಾನುವಾರ ಓಡಲ್ಲ. ರಾತ್ರಿ ಪಂದ್ಯ ಮುಗಿದ ಮೇಲೆ ವಾಪಸ್ ಬರಲು ಅದನ್ನು ನೆಚ್ಚಿಕೊಳ್ಳಬೇಡಿ. ವಾರಾಂತ್ಯಕ್ಕೆ ಪೆನ್ ಲೈನ್‌ನಲ್ಲಿ ಬಾಲ್ಟಿಮೋರ್ ಪೆನ್ ಸ್ಟೇಷನ್‌ವರೆಗೆ ಬಂದು, ಅಲ್ಲಿಂದ ಲೈಟ್ ರೈಲ್ ಹಿಡೀರಿ. ಕೊನೆ ರೈಲಿನ ಸಮಯ ಹೊರಡೋ ಮುಂಚೆಯೇ ನೋಡಿಕೊಳ್ಳಿ. ಸಂಜೆ ಪಂದ್ಯಕ್ಕೆ ಮೂರನೇ ಬೇಸ್ ಕಡೆಯ, ಅಂದರೆ ಎಡಬದಿಯ ಸೀಟು ತಗೊಳ್ಳಿ: ನೆರಳು ಮೊದಲು ಅಲ್ಲಿಗೇ ಬರೋದು, ಗೋದಾಮು ಕಣ್ಣೆದುರಿಗೇ ಇರುತ್ತೆ. ಬಲಬದಿಯಲ್ಲಿ ಕೂತರೆ ಸೂರ್ಯ ಮುಖಕ್ಕೆ ಹೊಡೀತಾನೆ. ಮನೆಯಿಂದ ಊಟ ಕಟ್ಟಿಕೊಂಡು ಹೋಗಲು ಬಿಡುತ್ತಾರೆ. ಚೀಲದ ಅಳತೆಯ ನಿಯಮ ಮಾತ್ರ ಆಗಾಗ ಬದಲಾಗುತ್ತೆ, ಹಿಂದಿನ ದಿನ ನೋಡಿಕೊಂಡರೆ ಒಳ್ಳೇದು.

ಪಂದ್ಯದ ದಿನ ಯೂಟಾ ಸ್ಟ್ರೀಟ್‌ನ ಆ ಭಾಗಕ್ಕೆ ಟಿಕೆಟ್ ಬೇಕು. ಉಳಿದ ದಿನ ಸುಮ್ಮನೆ ನಡೆದು ಹೋಗಿ ಬಿಲ್ಲೆಗಳನ್ನು ಎಣಿಸಬಹುದು, ಬೇಲಿಯಾಚೆಗೆ ಹದಿನಾರು ಅಡಿ ಕೆಳಗೆ ಹುಲ್ಲು ಕಾಣುತ್ತೆ.