ಇಂಜಿನ್ನಿಗೊಂದು ಮುದ್ದೆ

ಯೆಜ್ಡಿ ಬೈಕು ಮಾಡುತ್ತಿದ್ದ, ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ನಮ್ಮಪ್ಪನ ಬಾಯಲ್ಲಿ ಅದು ಇನ್ನೂ ಮೂರು ಶಿಫ್ಟ್ ನಡೆಯುತ್ತಿದೆ. ನಾನು ಬೈಕಿನ ಇಂಜಿನ್ ಬಿಚ್ಚಿಕೊಂಡು ವರಾಂಡದಲ್ಲಿ ಕೂತರೆ ಸಾಕು, ಶುರು. "ನಮ್ಮ ಯೆಜ್ಡಿಗೆ ಈ ರಗಳೆ ಎಲ್ಲಿತ್ತೋ? ಟೂ ಸ್ಟ್ರೋಕು. ವಾಲ್ವಿನ ಕೆಲಸಾನೂ ಪಿಸ್ಟನ್ನೇ ಮಾಡ್ತಿತ್ತು."

ನನ್ನದು ಫೋರ್ ಸ್ಟ್ರೋಕು. ಎರಡು ವಾಲ್ವು: ಗಾಳಿ-ಪೆಟ್ರೋಲ್ ಒಳಗೆ ಬಿಡಲು ಇನ್‌ಟೇಕ್, ಹೊಗೆ ಹೊರಗೆ ಬಿಡಲು ಎಕ್ಸಾಸ್ಟ್. ಈ ವಾಲ್ವುಗಳು ಕೂರುವ ಮೇಲ್ಮುಚ್ಚಳವೇ ಹೆಡ್. ಅದನ್ನು ಸ್ವಲ್ಪ ಸಮ ಮಾಡಿಕೊಡಿ ಅಂದರೆ ಲೇತ್‌ನವರು ಧಾರಾಳವಾಗಿಯೇ ಹೆರೆದು ಕೊಟ್ಟಿದ್ದರು. ಹೆಡ್ ತೆಳುವಾದಷ್ಟೂ ವಾಲ್ವು ಪಿಸ್ಟನ್ನಿಗೆ ಹತ್ತಿರ. ಒಮ್ಮೆ ಗುದ್ದಿದರೆ ವಾಲ್ವು ಸೊಟ್ಟ, ಜೇಬಿಗೆ ತೂತು.

ನಡುವೆ ಎಷ್ಟು ಜಾಗ ಉಳಿದಿದೆ ಅಂತ ನೋಡುವ ದಾರಿ ಸುಲಭ. ಪಿಸ್ಟನ್ ತಲೆಗೆ ಕ್ಲೇ ಮೆತ್ತಿ, ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ವಾಲ್ವು ಒತ್ತುವ ಟ್ಯಾಪೆಟ್ ಹೊಂದಿಸಿ, ಪಿಸ್ಟನ್ ಮೇಲೆ ಕೆಳಗೆ ಆಡಿಸುವ ಕ್ರ್ಯಾಂಕನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುವುದು. ಆಮೇಲೆ ಬಿಚ್ಚಿ, ವಾಲ್ವು ಒತ್ತಿದ ಕಡೆ ಬ್ಲೇಡಿನಿಂದ ಕೊಯ್ದು ದಪ್ಪ ಅಳೆಯುವುದು. ಮಗಳ ಕ್ಲೇ ಡಬ್ಬಿಗೆ ಕೈ ಹಾಕಿದೆ. ಇದ್ದದ್ದೆಲ್ಲ ದಸರಾ ಆನೆ ಆಗಿಬಿಟ್ಟಿತ್ತು. ಅಂಬಾರಿ ಕೂಡ ಬಿಟ್ಟುಕೊಡಲಿಲ್ಲ. ಅಡುಗೆಮನೆಯಿಂದ ಚಪಾತಿ ಹಿಟ್ಟು ಎತ್ತಿಕೊಂಡು ಬಂದೆ.

ಬಿಚ್ಚಿ ನೋಡಿದರೆ ಹಿಟ್ಟಿನ ಮೇಲೆ ವಾಲ್ವಿನ ಗುರುತೇ ಇಲ್ಲ! ಕುಣಿಯುವುದೊಂದು ಬಾಕಿ. ಅಪ್ಪ ಪೇಪರ್ ಕೆಳಗಿಳಿಸದೆ ಕೇಳಿದರು, "ಎಷ್ಟು ಸುತ್ತು ತಿರುಗಿಸಿದೆ?"

"ಒಂದು."

"ಎಷ್ಟಾದ್ರೂ ನನ್ನ ಮಗ! ಒಂದು ಸುತ್ತಿಗೆ ಕೆಲಸ ಮುಗಿಯೋದು ಟೂ ಸ್ಟ್ರೋಕಿಗೆ ಕಣೋ. ಇದಕ್ಕೆ ಎರಡು."

ನಾನು ತಿರುಗಿಸಿದ್ದು ಕಂಪ್ರೆಷನ್ನಿನ ಸುತ್ತು. ಆಗ ಪಿಸ್ಟನ್ ಮೇಲೆ ಬಂದರೂ ಎರಡು ವಾಲ್ವೂ ಬಾಗಿಲು ಹಾಕಿಕೊಂಡಿರುತ್ತವೆ.

ಮತ್ತೆ ಬಿಗಿದೆ. ಎರಡು ಸುತ್ತು ತಿರುಗಿಸಿದೆ. ಗುರುತು ಬಿತ್ತು. ವರ್ನಿಯರ್ 3 ಮಿಲಿಮೀಟರ್ ಅಂದಿತು. ಅಷ್ಟರಲ್ಲಿ ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಬಗ್ಗಿ ನೋಡಿದರು. "ಅಳಿಯಂದ್ರೇ, ಚಪಾತಿ ಹಿಟ್ಟು ಒತ್ತಿದ್ರೆ ವಾಪಸ್ ಎದ್ದು ಬತ್ತದೆ ಅಲ್ವಾ? ನಮ್ಮ ಹಿಟ್ಟು ಹಾಕಿ."

ಮಂಡ್ಯದಲ್ಲಿ ಹಿಟ್ಟು ಅಂದರೆ ಮುದ್ದೆ. ಅತ್ತೆ ಹೇಳಿದ್ದರಲ್ಲಿ ವಿಷಯವಿತ್ತು. ಗೋಧಿಯಲ್ಲಿ ಗ್ಲುಟೆನ್ ಇದೆ, ಒತ್ತಿದರೆ ರಬ್ಬರಿನ ಹಾಗೆ ಮತ್ತೆ ಉಬ್ಬುತ್ತೆ. ರಾಗಿಯಲ್ಲಿ ಅದಿಲ್ಲ. ಒತ್ತಿದರೆ ಒತ್ತಿದ ಹಾಗೇ ಕೂರುತ್ತೆ.

ಮಧ್ಯಾಹ್ನ ಮಿಕ್ಕಿದ್ದ ಅರ್ಧ ಮುದ್ದೆ ಪಿಸ್ಟನ್ ಮೇಲೆ ಕೂತಿತು. ಅಂಟದಿರಲಿ ಅಂತ ವಾಲ್ವಿಗೆ ಆಯಿಲ್ ಸವರಿದೆ. "ತುಪ್ಪ ಕೊಡ್ಲಾ?" ಅಂದರು ಅತ್ತೆ. ಈ ಸಲ ಕೊಯ್ದರೆ ಇನ್‌ಟೇಕ್ ಕಡೆ 1.6 ಮಿಲಿಮೀಟರ್, ಎಕ್ಸಾಸ್ಟ್ ಕಡೆ 2.2. ಚಪಾತಿ ಹೇಳಿದ್ದು ಶುದ್ಧ ಸುಳ್ಳು. ಪುಣ್ಯಕ್ಕೆ ಇಷ್ಟೂ ಸಾಕಿತ್ತು. ಎಕ್ಸಾಸ್ಟಿಗೇ ಜಾಸ್ತಿ ಜಾಗ ಬೇಕು. ಅದು ಮುಚ್ಚುವಾಗ ಪಿಸ್ಟನ್ ಹಿಂದೆಯೇ ಅಟ್ಟಿಸಿಕೊಂಡು ಬರುತ್ತೆ, ಸಾಲದ್ದಕ್ಕೆ ಕಾದು ಉದ್ದವೂ ಆಗುತ್ತೆ.

ರಾತ್ರಿ ತಟ್ಟೆ ಮುಂದೆ ಕೂತಿದ್ದೆ. ಬಸ್ಸಾರಿನ ಘಮ. ಅತ್ತೆ ಬಿಸಿ ಮುದ್ದೆ ಕೈಯಲ್ಲಿ ಹಿಡಿದು ನಿಂತೇ ಕೇಳಿದರು, "ಇದು ನಿಮಗಾ, ಗಾಡಿಗಾ?"